ಕಗ್ಗ ಬರೆದವರು ಸದನದಲ್ಲೂ ಕೂತಿದ್ದರು: ಪತ್ರಕರ್ತ, ಶಾಸಕ ಡಿವಿಜಿ

ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ನಮ್ಮೂರಿನ ನಾಲ್ಕೈದು ಜನರ ಸ್ಟೇಟಸ್‌ನಲ್ಲಿ ಮಂಕುತಿಮ್ಮನ ಕಗ್ಗ ಇದ್ದೇ ಇರುತ್ತದೆ. ಡೇರಿಗೆ ಹಾಲು ಹಾಕಿ ಬರುವವರು, ಸೊಸೈಟಿಯ ಗುಮಾಸ್ತರು, ಶಾಲೆಯ ಮೇಷ್ಟ್ರು, ಯಾರಾದರೊಬ್ಬರು ಹಾಕಿರುತ್ತಾರೆ. ಪದ್ಯದ ಕೆಳಗೆ ಕೋಟು, ಪೇಟ ತೊಟ್ಟ ಒಬ್ಬ ಹಿರಿಯರ ಚಿತ್ರ. ಅವರೇ ಡಿ.ವಿ. ಗುಂಡಪ್ಪ. ಎಲ್ಲರಿಗೂ ಡಿವಿಜಿ.

ಕಗ್ಗ ಪ್ರಕಟವಾದದ್ದು 1943ರಲ್ಲಿ. ಆಗ ಅವರಿಗೆ 56 ವರ್ಷ. ಹಾಗಾದರೆ ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು? ಈ ಪ್ರಶ್ನೆಯನ್ನು ನಾವು ಕೇಳಿಕೊಂಡಿರುವುದು ಕಡಿಮೆ. ಅವರು ಹೊಟ್ಟೆಪಾಡಿಗೆ ಪತ್ರಕರ್ತರಾಗಿದ್ದರು. ಆಮೇಲೆ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಶಾಸಕರು. ಕಗ್ಗದ ಹಿಂದೆ ಇರುವ ಆ ಮನುಷ್ಯನ ಕಥೆ ಇಲ್ಲಿದೆ. ಪತ್ರಿಕೋದ್ಯಮ ಓದಿ ಹಳ್ಳಿಯಲ್ಲೇ ವರದಿ ಮಾಡುತ್ತಿರುವ ನಮ್ಮಂಥವರಿಗೆ ಈ ಕಥೆ ಬೇಕು. ಓಟು ಹಾಕುವ ನಿಮಗೂ ಬೇಕು.

ಮುಳಬಾಗಿಲಿನ ಹುಡುಗ

ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಹೆಸರಿನ ಮೊದಲ 'ಡಿ' ದೇವನಹಳ್ಳಿ, 'ವಿ' ತಂದೆ ವೆಂಕಟರಮಣಯ್ಯ. ತಾಯಿ ಅಲಮೇಲಮ್ಮ. ಊರಿನಲ್ಲಿ ಓದಿ, ಮೈಸೂರಿಗೆ ಹೋಗಿ, ಕೋಲಾರಕ್ಕೆ ಬಂದು, ಕೊನೆಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಫೇಲಾದರು. ಅವರ ಶಾಲೆ ಅಲ್ಲಿಗೆ ಮುಗಿಯಿತು. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ.

ಆಮೇಲೆ ಸಿಕ್ಕ ಕೆಲಸ ಮಾಡಿದರು. ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು, ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವ ಕಡೆಯೂ ಕೆಲಸ ಹುಡುಕಿಕೊಂಡರು. ಹೀಗೆ ಅಲೆಯುತ್ತಿದ್ದ ಯುವಕ 'ಸೂರ್ಯೋದಯ ಪ್ರಕಾಶಿಕೆ' ಎಂಬ ಪತ್ರಿಕೆಗೆ ಬಾತ್ಮೀದಾರನಾಗಿ ಸೇರಿಕೊಂಡ. ದೇಶಸೇವೆಯ ದೊಡ್ಡ ಕನಸು ಹೊತ್ತು ಪತ್ರಿಕೆಗೆ ಬಂದವರು ಅವರಲ್ಲ. ಸಂಸಾರ ನಡೆಯಬೇಕಿತ್ತು. ಬರೆಯಲು ಬರುತ್ತಿತ್ತು. ಅಷ್ಟೇ.

ಪರೀಕ್ಷೆಯಲ್ಲಿ ಫೇಲಾಗಿದ್ದರೂ ಓದು ಬಿಡಲಿಲ್ಲ. ಸಂಸ್ಕೃತ, ಇಂಗ್ಲಿಷ್, ಕಾನೂನು, ರಾಜ್ಯಶಾಸ್ತ್ರ ಎಲ್ಲವನ್ನೂ ಸ್ವಂತವಾಗಿ ಕಲಿತರು. ಮುಂದೆ ಇಂಗ್ಲಿಷಿನಲ್ಲೇ ಪತ್ರಿಕೆ ನಡೆಸುವಷ್ಟು, ಸಂವಿಧಾನದ ಬಗ್ಗೆ ಇಂಗ್ಲಿಷಿನಲ್ಲೇ ಪುಸ್ತಕ ಬರೆಯುವಷ್ಟು ಕಲಿತರು.

1908: ಪತ್ರಿಕೆಗೆ ಬೀಗ

ಡಿವಿಜಿ ಪತ್ರಿಕೆಗೆ ಕಾಲಿಟ್ಟ ಹೊತ್ತು ಒಳ್ಳೆಯದಿರಲಿಲ್ಲ. ಬಂಗಾಳ ವಿಭಜನೆಯಾಗಿ ದೇಶವೆಲ್ಲ ಕುದಿಯುತ್ತಿತ್ತು. ಪತ್ರಿಕೆಗಳೆಂದರೆ ಸರ್ಕಾರಗಳಿಗೆ ಭಯ. ಮೈಸೂರಿನಲ್ಲಿ ಆಗ ದಿವಾನರಾಗಿದ್ದವರು ವಿ.ಪಿ. ಮಾಧವರಾವ್. ಅವರ ಕಾಲದಲ್ಲಿ, 1908ರಲ್ಲಿ, ಮೈಸೂರು ಸರ್ಕಾರ ಒಂದು ಪತ್ರಿಕಾ ಕಾನೂನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ಹೊರಡಿಸುವಂತಿಲ್ಲ ಎಂಬುದು ಅದರ ಸಾರ. ಕೊಟ್ಟ ಅಪ್ಪಣೆಯನ್ನು ಸರ್ಕಾರ ಯಾವಾಗ ಬೇಕಾದರೂ ವಾಪಸು ಪಡೆಯಬಹುದಿತ್ತು.

ಇದಕ್ಕೆ ಬಂದ ದೊಡ್ಡ ಪ್ರತಿಭಟನೆ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರದು. ಜನ ಪ್ರೀತಿಯಿಂದ 'ತಾತಯ್ಯ' ಎಂದು ಕರೆಯುತ್ತಿದ್ದ ಅವರು ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, 'ವೃತ್ತಾಂತ ಚಿಂತಾಮಣಿ' ಮುಂತಾದ ಪತ್ರಿಕೆಗಳ ಸಂಪಾದಕರು, ಜೊತೆಗೆ ಪ್ರಜಾಪ್ರತಿನಿಧಿ ಸಭೆಯ ಸದಸ್ಯರು. ಅಪ್ಪಣೆ ಬೇಡಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಮೇಲು ಎಂದು ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಪತ್ರಕರ್ತನೂ ಜನಪ್ರತಿನಿಧಿಯೂ ಒಬ್ಬನೇ ಆಗಿರಬಹುದು ಎಂಬುದಕ್ಕೆ ಮೈಸೂರಿನಲ್ಲಿ ಡಿವಿಜಿಗಿಂತ ಮೊದಲಿನ ಮಾದರಿ ಅವರು.

ಇಪ್ಪತ್ತೊಂದು ವರ್ಷದ ಡಿವಿಜಿ ಇದನ್ನೆಲ್ಲ ಕಣ್ಣಾರೆ ಕಂಡರು. ಕೆಲಸ ಅರಸಿ ಕೆಲಕಾಲ ಮದರಾಸಿಗೂ ಹೋದರು. ಸರ್ಕಾರ ಕೋಪ ಮಾಡಿಕೊಂಡರೆ ಪತ್ರಿಕೆ ಮುಚ್ಚಬಹುದು, ಬರೆಯುವವನ ಅನ್ನ ಹೋಗಬಹುದು ಎಂಬ ಪಾಠ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ರಂಗಾಚಾರ್ಲು ಬಿಟ್ಟುಹೋದ ಸಭೆ

ಡಿವಿಜಿ ಬರೆದ ಮೊದಲ ಪುಸ್ತಕಗಳಲ್ಲಿ ಒಂದು 'ದಿವಾನ್ ರಂಗಾಚಾರ್ಲು'. ಇದು ಯಾಕೆ ಮುಖ್ಯ ಅಂದರೆ, ಮೈಸೂರಿನಲ್ಲಿ ಜನಪ್ರತಿನಿಧಿಗಳ ಸಭೆ ಶುರುವಾದದ್ದು ಅದೇ ರಂಗಾಚಾರ್ಲು ಕಾಲದಲ್ಲಿ.

1881ರಲ್ಲಿ ಬ್ರಿಟಿಷರು ಮೈಸೂರನ್ನು ಮತ್ತೆ ಒಡೆಯರ ಕೈಗೆ ಕೊಟ್ಟರು. ಅದೇ ವರ್ಷ ದಸರಾ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಸದಸ್ಯರು 144 ಮಂದಿ. ತಾಲ್ಲೂಕುಗಳಿಂದ ಬಂದ ದೊಡ್ಡ ಹಿಡುವಳಿದಾರರು, ವರ್ತಕರು ಅದರಲ್ಲಿದ್ದರು. ದಿವಾನರು ವರ್ಷದ ಲೆಕ್ಕ ಓದುತ್ತಿದ್ದರು. ಬಂದವರು ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. ತೀರ್ಮಾನ ಮಾತ್ರ ಸರ್ಕಾರದ್ದೇ. ಆದರೂ ಸರ್ಕಾರವು ಪ್ರಜೆಗಳ ಮುಂದೆ ನಿಂತು ಲೆಕ್ಕ ಹೇಳಬೇಕು ಎಂಬ ರೂಢಿ ಅಲ್ಲಿ ಹುಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ಅದು ದೊಡ್ಡ ಮಾತು.

1907ರಲ್ಲಿ ಕಾನೂನು ಮಾಡುವುದಕ್ಕೆಂದು ಇನ್ನೊಂದು ಸಭೆ ಬಂತು. ಅದೇ ನ್ಯಾಯವಿಧಾಯಕ ಸಭೆ. 1923ರ ಸುಧಾರಣೆಯಲ್ಲಿ ಅದರ ಬಲ 50 ಸದಸ್ಯರಿಗೆ ಏರಿತು. ಇವತ್ತಿನ ನಮ್ಮ ವಿಧಾನ ಪರಿಷತ್ತು ತನ್ನ ಇತಿಹಾಸವನ್ನು ಈ 1907ರಿಂದಲೇ ಎಣಿಸುತ್ತದೆ.

ಒಂದು ವಿಷಯ ಮರೆಯಬಾರದು. ಆ ಕಾಲದಲ್ಲಿ ಓಟು ಎಲ್ಲರಿಗೂ ಇರಲಿಲ್ಲ. ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗೆ ಮಾತ್ರ. ನಮ್ಮ ನಿಮ್ಮ ಮನೆಗಳ ಮುತ್ತಾತ, ಮುತ್ತಜ್ಜಿಯರಲ್ಲಿ ಬಹುಪಾಲು ಜನ ಆ ಪಟ್ಟಿಯ ಹೊರಗೇ ಇದ್ದರು. ಪತ್ರಿಕೆ ಓದುವವರೂ ಬರೆಯುವವರೂ ಊರಿಗೆ ಬೆರಳೆಣಿಕೆಯಷ್ಟು.

ಸ್ವಂತ ಪತ್ರಿಕೆ, ದಿವಾನರ ಸ್ನೇಹ

1912ರ ಕೊನೆಗೆ ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾದರು. ಆ ಆಸುಪಾಸಿನಲ್ಲೇ ಡಿವಿಜಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿದರು. ವಾರಕ್ಕೆ ಎರಡು ಸಲ ಬರುತ್ತಿತ್ತು. ಸಂಸ್ಥಾನದ ಆಡಳಿತ, ಹಣಕಾಸು, ಶಿಕ್ಷಣ, ಪ್ರಜೆಗಳ ಹಕ್ಕು ಇವೇ ಅದರ ವಿಷಯ.

ವಿಶ್ವೇಶ್ವರಯ್ಯನವರಿಗೂ ಡಿವಿಜಿಗೂ ಗಾಢ ಸ್ನೇಹ ಬೆಳೆಯಿತು. ದಿವಾನರ ಸ್ನೇಹಿತ ಎಂದರೆ ಆಗಿನ ಕಾಲಕ್ಕೆ ಎಷ್ಟು ದೊಡ್ಡ ಬಂಡವಾಳ ಯೋಚಿಸಿ. ಕಂಟ್ರಾಕ್ಟು ಕೇಳಬಹುದಿತ್ತು. ನೆಂಟರಿಗೆ ಅಮಲ್ದಾರಿಕೆ ಕೇಳಬಹುದಿತ್ತು. ಡಿವಿಜಿ ಆ ಬಂಡವಾಳ ಮುಟ್ಟಲಿಲ್ಲ.

ದಸರಾ ವರದಿಗೆಂದು ಮೈಸೂರಿಗೆ ಬರುವ ಪತ್ರಕರ್ತರಿಗೆ ಆಗ ಸರ್ಕಾರದ ಕಡೆಯಿಂದ ಖರ್ಚಿಗೆ ಹಣ ಕೊಡುವ ಪದ್ಧತಿ ಇತ್ತು. ಅದನ್ನು ಡಿವಿಜಿ ಬೇಡವೆಂದರು ಎಂಬ ಪ್ರಸಂಗವನ್ನು ಹಿರಿಯ ಪತ್ರಕರ್ತರು ಈಗಲೂ ಹೇಳುತ್ತಾರೆ. ಸರ್ಕಾರಕ್ಕೆ ಮಾಡಿಕೊಟ್ಟ ಬರವಣಿಗೆಯ ಕೆಲಸಕ್ಕೆ ಬಂದ ಚೆಕ್ಕುಗಳನ್ನು ನಗದು ಮಾಡಿಕೊಳ್ಳದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರು ಎಂಬ ಮಾತೂ ಜನರ ಬಾಯಲ್ಲಿ ಉಳಿದಿದೆ.

ಇದರ ಬೆಲೆ ಕೊಟ್ಟವರು ಮನೆಯವರು. ಪತ್ನಿ ಭಾಗೀರಥಮ್ಮ ಒಮ್ಮೆ ನೆರೆಯವರ ಮನೆಯ ಸಮಾರಂಭಕ್ಕೆ ಹೋಗಲಿಲ್ಲವಂತೆ. ಕಾರಣ, ಉಟ್ಟುಕೊಳ್ಳಲು ಹರಿಯದ ಸೀರೆ ಇರಲಿಲ್ಲ. ಆ ಸೀರೆಯಲ್ಲಿ ಹೋದರೆ ಗಂಡನ ಮರ್ಯಾದೆಗೆ ಕುಂದು ಎಂದು ಅವರು ಮನೆಯಲ್ಲೇ ಉಳಿದರು ಎಂದು ಹೇಳುತ್ತಾರೆ. ಈ ಕಥೆಯನ್ನು ಕೇಳಿ ನಾವು ಡಿವಿಜಿಗೆ ಕೈ ಮುಗಿಯುತ್ತೇವೆ. ಮೊದಲು ಕೈ ಮುಗಿಯಬೇಕಾದದ್ದು ಭಾಗೀರಥಮ್ಮನವರಿಗೆ. ಅವರು 1924ರಲ್ಲಿ ತೀರಿಕೊಂಡರು. ಡಿವಿಜಿ ಮತ್ತೆ ಮದುವೆಯಾಗಲಿಲ್ಲ. ಅವರ ಮಗನೇ ಮುಂದೆ ಸಸ್ಯವಿಜ್ಞಾನಿಯಾಗಿ, 'ಹಸುರು ಹೊನ್ನು' ಬರೆದು ಹೆಸರಾದ ಬಿ.ಜಿ.ಎಲ್. ಸ್ವಾಮಿ.

'ಕರ್ನಾಟಕ' ಕೆಲವು ವರ್ಷ ನಡೆದು ನಿಂತಿತು. ಆಮೇಲೆ ಕನ್ನಡದಲ್ಲಿ 'ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ' ಎಂಬ ಮಾಸಪತ್ರಿಕೆ ತಂದರು. ಹೆಸರೇ ಹೇಳುತ್ತದೆ: ಜನರ ಬದುಕು, ಜನರ ದುಡ್ಡು ಅದರ ವಿಷಯ. ಅದೂ ಬಹಳ ಕಾಲ ಬಾಳಲಿಲ್ಲ. ಒಳ್ಳೆಯ ಪತ್ರಿಕೆ ನಡೆಸುವುದು ಆಗಲೂ ನಷ್ಟದ ಬಾಬ್ತೇ.

ಗ್ಯಾಲರಿಯಿಂದ ಸದನದೊಳಕ್ಕೆ

1920ರ ದಶಕದ ಎರಡನೇ ಭಾಗದಲ್ಲಿ ಡಿವಿಜಿ ನ್ಯಾಯವಿಧಾಯಕ ಸಭೆಯ ಸದಸ್ಯರಾದರು. 1940ರವರೆಗೆ ಅಲ್ಲಿದ್ದರು. ಅದಕ್ಕೂ ಮುಂಚೆ ಬೆಂಗಳೂರು ನಗರಸಭೆಯ ಸದಸ್ಯರಾಗಿ ಕೆಲಸ ಮಾಡಿದ ಅನುಭವ ಇತ್ತು. ಅಂದರೆ ಚರಂಡಿ, ನೀರು, ದೀಪದ ರಾಜಕೀಯ ಕಲಿತು ಆಮೇಲೆ ಕಾನೂನಿನ ಮನೆಗೆ ಹೋದರು.

ಅವರು ಸದನದಲ್ಲಿದ್ದ ಕಾಲ ಹೆಚ್ಚು ಕಡಿಮೆ ಸರ್ ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯ ಕಾಲವೇ. ಮಿರ್ಜಾ 1926ರಿಂದ 1941ರವರೆಗೆ ದಿವಾನರು. ಸದನದ ಅಧ್ಯಕ್ಷತೆಯೂ ದಿವಾನರದ್ದೇ. ಅಂದರೆ ಯಾರ ಆಡಳಿತವನ್ನು ಪ್ರಶ್ನಿಸಬೇಕೋ ಅವರೇ ಮುಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಸದಸ್ಯರು ಪ್ರಶ್ನೆ ಕೇಳಬಹುದು, ನಿರ್ಣಯ ಮಂಡಿಸಬಹುದು, ಬಜೆಟ್ ಮೇಲೆ ಮಾತಾಡಬಹುದು. ಸರ್ಕಾರವನ್ನು ಇಳಿಸುವ ಅಧಿಕಾರ ಇರಲಿಲ್ಲ.

ಇಂಥ ಸದನದಲ್ಲಿ ಮಾತಿಗೆ ತೂಕ ಬರುವುದು ಓದಿನಿಂದ ಮಾತ್ರ. ಕೂಗಿದರೆ ಪ್ರಯೋಜನವಿಲ್ಲ, ಬೆನ್ನ ಹಿಂದೆ ಪಕ್ಷದ ಬಲವೂ ಇಲ್ಲ. ಡಿವಿಜಿಯ ಗುರು ಗೋಪಾಲಕೃಷ್ಣ ಗೋಖಲೆ ಈ ದಾರಿ ತೋರಿಸಿದ್ದರು. ಗೋಖಲೆ ಕೂಡ ತಮ್ಮ ಯೌವನದಲ್ಲಿ ಪುಣೆಯಲ್ಲಿ ಪತ್ರಿಕೆಯ ಕೆಲಸ ಮಾಡಿದವರು. ವೈಸರಾಯರ ಶಾಸನಸಭೆಯಲ್ಲಿ ಅವರು ಬಜೆಟ್ ಮೇಲೆ ಮಾಡುತ್ತಿದ್ದ ಭಾಷಣಗಳಿಗೆ ಬ್ರಿಟಿಷ್ ಅಧಿಕಾರಿಗಳು ತಯಾರಿ ಮಾಡಿಕೊಂಡು ಬರಬೇಕಾಗಿತ್ತು. 1911ರಲ್ಲಿ ಅವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಸೋತಿತು. ಆದರೆ ಹಳ್ಳಿ ಮಗುವಿಗೂ ಶಾಲೆ ಹಕ್ಕು ಎಂಬ ಮಾತು ಕಡತಕ್ಕೆ ಸೇರಿತು. ಕಡತಕ್ಕೆ ಸೇರಿದ ಮಾತು ಸಾಯುವುದಿಲ್ಲ. ಡಿವಿಜಿ ಆ ಗೋಖಲೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದವರು.

ಸಂಸ್ಥಾನದ ಪ್ರಜೆ ಎಂದರೆ ಯಾರು?

ಡಿವಿಜಿ ಪತ್ರಿಕೆಯಲ್ಲೂ ಪುಸ್ತಕದಲ್ಲೂ ಬಿಡದೆ ಹಿಡಿದ ಪ್ರಶ್ನೆ ಒಂದಿತ್ತು. ಅದನ್ನು ಸರಳವಾಗಿ ಹೇಳುತ್ತೇನೆ.

ಸ್ವಾತಂತ್ರ್ಯಕ್ಕೆ ಮುಂಚೆ ಭಾರತ ಎರಡು ಬಗೆಯಾಗಿತ್ತು. ಧಾರವಾಡ, ಬಿಜಾಪುರ, ಬಳ್ಳಾರಿ, ಮಂಗಳೂರು ಬ್ರಿಟಿಷರ ನೇರ ಆಡಳಿತದಲ್ಲಿದ್ದವು. ಮೈಸೂರು, ಹೈದರಾಬಾದಿನಂಥವು ಸಂಸ್ಥಾನಗಳು, ಅಲ್ಲಿ ರಾಜರು. ದೇಶದ ಭವಿಷ್ಯದ ಬಗ್ಗೆ ಲಂಡನ್ನಿನಲ್ಲಿ 1930ರಿಂದ 1932ರವರೆಗೆ ದುಂಡುಮೇಜಿನ ಪರಿಷತ್ತುಗಳು ನಡೆದವು. ಸಂಸ್ಥಾನಗಳ ಪರವಾಗಿ ಅಲ್ಲಿ ಕೂತವರು ರಾಜರು, ದಿವಾನರು. ಕೋಟ್ಯಂತರ ಪ್ರಜೆಗಳ ಪರವಾಗಿ ಯಾರು? 1935ರ ಕಾಯಿದೆ ಬಂದಾಗಲೂ ಒಕ್ಕೂಟದ ಸಭೆಗೆ ಸಂಸ್ಥಾನದಿಂದ ಹೋಗುವವರನ್ನು ರಾಜರೇ ಕಳಿಸಬೇಕು ಎಂದಿತ್ತು, ಪ್ರಜೆಗಳು ಆರಿಸುವಂತಿರಲಿಲ್ಲ.

ಡಿವಿಜಿ ಇದನ್ನು ಬಹಳ ಮೊದಲೇ ಗುರುತಿಸಿದ್ದರು. 1931ರಲ್ಲಿ ಭಾರತದ ಸಂವಿಧಾನದಲ್ಲಿ ಸಂಸ್ಥಾನಗಳಿಗೂ ಅವುಗಳ ಪ್ರಜೆಗಳಿಗೂ ಏನು ಸ್ಥಾನ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ರಾಜ ಬೇಡ ಎಂದು ಅವರು ಹೇಳಲಿಲ್ಲ. ರಾಜನಿರಲಿ, ಆದರೆ ಮಂತ್ರಿಗಳು ಪ್ರಜೆಗಳಿಗೆ ಉತ್ತರ ಹೇಳಬೇಕು ಎಂಬುದು ಅವರ ವಾದ. ಇದನ್ನೇ ಆಗ 'ಜವಾಬ್ದಾರಿ ಸರ್ಕಾರ' ಎನ್ನುತ್ತಿದ್ದರು.

ಸದನದ ಹೊರಗೆ ಗುಂಡಿನ ಸದ್ದು

ಇಲ್ಲಿ ಕಥೆಯ ಇನ್ನೊಂದು ಮುಖವನ್ನೂ ನೋಡಬೇಕು. ಮೆಲ್ಲಗೆ, ಕಾನೂನಿನ ದಾರಿಯಲ್ಲಿ, ವಾದ ಮಾಡಿ ಗೆಲ್ಲುವುದು ಡಿವಿಜಿಯ ದಾರಿ. ಹಳ್ಳಿಗಳು ಅಷ್ಟು ಕಾಯಲಿಲ್ಲ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಲಾಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ವಿದುರಾಶ್ವತ್ಥ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು, ಅಂದರೆ ಡಿವಿಜಿಯ ತವರು ಜಿಲ್ಲೆ. ಸತ್ತವರಲ್ಲಿ ಬಹುಪಾಲು ಜನ ಸಾಮಾನ್ಯ ಹಳ್ಳಿಗರು.

ಜವಾಬ್ದಾರಿ ಸರ್ಕಾರ ಕೊನೆಗೆ ಬಂದದ್ದು 1947ರ ಅಕ್ಟೋಬರ್‌ನಲ್ಲಿ, 'ಮೈಸೂರು ಚಲೋ' ಚಳವಳಿ ಬೀದಿ ತುಂಬಿದ ಮೇಲೆ. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅವರೂ ಕೋಲಾರದ ಕಡೆಯವರೇ. ಆ ಹೊತ್ತಿಗೆ ಡಿವಿಜಿ ಸದನ ಬಿಟ್ಟು ಏಳು ವರ್ಷ.

ಹಾಗಾದರೆ ಡಿವಿಜಿ ಸೋತರೇ? ಹಾಗನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಬೀದಿಗೆ ಬಂದವರು ಜವಾಬ್ದಾರಿ ಸರ್ಕಾರ ಎಂದು ಕೂಗಿದಾಗ, ಆ ಮಾತಿನ ಅರ್ಥವನ್ನು ಪತ್ರಿಕೆಯಲ್ಲಿ ಬರೆದು, ಸಭೆಗಳಲ್ಲಿ ಹೇಳಿ, ಪುಸ್ತಕ ಮಾಡಿ ಬಿತ್ತಿದವರಲ್ಲಿ ಅವರೂ ಒಬ್ಬರು. ಆದರೆ ಬಿತ್ತಿದ್ದು ಬೆಳೆಯಾಗಲು ವಿದುರಾಶ್ವತ್ಥದ ಜನ ರಕ್ತ ಕೊಡಬೇಕಾಯಿತು ಎನ್ನುವುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ನಮ್ಮ ಇತಿಹಾಸ ಪೂರ್ತಿಯಾಗುತ್ತದೆ.

ಪತ್ರಿಕೆಗೆ ಒಂದು ಶಾಸ್ತ್ರ

ಸದನದಲ್ಲಿದ್ದಾಗಲೂ ಡಿವಿಜಿ ಪತ್ರಕರ್ತನ ಗುರುತು ಬಿಡಲಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಕರ್ನಾಟಕ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಾಗಲಕೋಟೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರಿನವರೊಬ್ಬರು ಅಲ್ಲಿಗೆ ಹೋಗಿ ಅಧ್ಯಕ್ಷರಾದದ್ದು ಕರ್ನಾಟಕ ಒಂದಾಗುವ ಕನಸಿಗೂ ಒಂದು ಗುರುತು. ಅದೇ ಕಾಲದಲ್ಲಿ 'ವೃತ್ತಪತ್ರಿಕೆ' ಎಂಬ ಪುಸ್ತಕ ಬರೆದರು. ಪತ್ರಿಕೆಯ ಕೆಲಸದ ಬಗ್ಗೆ ಕನ್ನಡದಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಅದು ಒಂದು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಸದನ ಬಿಟ್ಟ ಮೇಲೆ ಅವರು ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯ ಬರುತ್ತದೆ, ಓಟು ಎಲ್ಲರಿಗೂ ಸಿಗುತ್ತದೆ, ಆದರೆ ಓಟು ಹಾಕುವವನಿಗೆ ಸರ್ಕಾರ ಹೇಗೆ ನಡೆಯುತ್ತದೆ ಎಂದು ತಿಳಿಸುವವರು ಯಾರು ಎಂಬ ಚಿಂತೆ ಅವರದು. ಅದಕ್ಕೇ 'ರಾಜ್ಯಶಾಸ್ತ್ರ', 'ರಾಜ್ಯಾಂಗ ತತ್ತ್ವಗಳು' ಎಂಬ ಪುಸ್ತಕಗಳನ್ನು ಕನ್ನಡದಲ್ಲೇ ಬರೆದರು. 1970ರಲ್ಲಿ ಜನ ಸೇರಿ ಅವರಿಗೆ ಸನ್ಮಾನ ಮಾಡಿ ದೊಡ್ಡ ನಿಧಿ ಕೊಟ್ಟರು. ಅದನ್ನೂ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು. ಬಸವನಗುಡಿಯ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆ ಇದೆ. ಬೆಂಗಳೂರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ನಮ್ಮೂರಿನ ಕವರು

ಇಷ್ಟು ಬರೆದ ಮೇಲೆ ನನ್ನದೊಂದು ಮಾತು. ಕೋರ್ಸು ಮುಗಿಸಿ ಬಂದ ಹೊಸತರಲ್ಲಿ ನಮ್ಮ ತಾಲ್ಲೂಕಿನ ಒಂದು ಭೂಮಿಪೂಜೆಯ ವರದಿಗೆ ಹೋಗಿದ್ದೆ. ಊಟ ಆದ ಮೇಲೆ ಒಬ್ಬರು ಪಕ್ಕಕ್ಕೆ ಕರೆದು ಕೈಗೆ ಒಂದು ಕವರು ಇಟ್ಟರು. "ಪೆಟ್ರೋಲಿಗೆ ಇಟ್ಕೊಳ್ಳಿ ಸಾರ್, ಎಲ್ಲರಿಗೂ ಕೊಟ್ಟಿದ್ದೀವಿ" ಅಂದರು. ಬೇಡ ಅಂದೆ. ಅವರಿಗೆ ಬೇಜಾರಾಯಿತು. ಜೊತೆಗಿದ್ದವರು ನಕ್ಕರು. ಮನೆಗೆ ಬರುವಾಗ ಬೈಕಿನಲ್ಲಿ ಪೆಟ್ರೋಲು ಕಡಿಮೆ ಇತ್ತು, ಜೇಬಿನಲ್ಲಿ ಅದಕ್ಕಿಂತ ಕಡಿಮೆ. ನಾನು ಮಾಡಿದ್ದು ಸರಿಯೋ ಪೆದ್ದತನವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಆ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ಅದನ್ನು ಬರೆಯಲು ನನಗೆ ಯಾವ ಮುಜುಗರವೂ ಆಗಲಿಲ್ಲ. ಕವರಿನ ಲೆಕ್ಕ ಅಂದೇ ಚುಕ್ತಾ ಆಗಿತ್ತಲ್ಲ. ದಸರಾ ಹಣ ಬೇಡವೆಂದ ಡಿವಿಜಿಯ ಪ್ರಸಂಗ ನನಗೆ ಅರ್ಥವಾದದ್ದು ಆಗ.

ಪತ್ರಕರ್ತ ಶಾಸಕನಾಗಬಾರದು ಎಂದೇನಿಲ್ಲ. ತಾತಯ್ಯ ಆದರು, ಡಿವಿಜಿ ಆದರು, ನಾಳೆ ನಮ್ಮಲ್ಲೊಬ್ಬರು ಆಗಬಹುದು. ಆಗ ನೀವು ನೋಡಬೇಕಾದದ್ದು ಇಷ್ಟು: ಹೊರಗೆ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನು ಆತ ಒಳಗೆ ಹೋದ ಮೇಲೂ ಕೇಳುತ್ತಾನಾ? ಹೊರಬಂದಾಗ ಅವನ ಪೆಟ್ಟಿಗೆಯಲ್ಲಿ ಏನಿರುತ್ತದೆ?

ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ವರ್ಷಕ್ಕೊಮ್ಮೆ ದಸರೆಗೆ ಸೇರುತ್ತಿತ್ತು, ಹೋಗಲು ಯೋಗ್ಯತೆಯ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಗ್ರಾಮಸಭೆ ನಿಮ್ಮ ಊರಿನಲ್ಲೇ ಸೇರುತ್ತದೆ. ಓಟರ್ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಎದ್ದು ನಿಂತು ಲೆಕ್ಕ ಕೇಳಬಹುದು. ನಾಳೆ ಬೆಳಿಗ್ಗೆ ಸ್ಟೇಟಸ್‌ಗೆ ಕಗ್ಗ ಹಾಕಿ, ಸಂತೋಷ. ಮುಂದಿನ ಗ್ರಾಮಸಭೆಗೂ ಬನ್ನಿ. ಒಂದು ಪ್ರಶ್ನೆ ಕೇಳಿ, ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಬರೆದಿದ್ದಾರಾ ಎಂದು ನೋಡಿಯೇ ಎದ್ದು ಬನ್ನಿ.